ಪೈಥಾನ್: ಪ್ರಿಂಟ್ ಮಾಡಿದ್ದು ಲಾಗ್ ಫೈಲಿಗೆ ಯಾಕೆ ಬರ್ತಿಲ್ಲ?

ಶೈಲಾ_ಎನ್: ನನ್ನ ಪ್ರೋಗ್ರಾಂನ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡೋ ಕಿಟಕಿ) ಓಡಿಸಿದ್ರೆ ಸಾಲುಗಳು ಒಂದೊಂದಾಗಿ ಬರ್ತವೆ. ಔಟ್‌ಪುಟ್ ಫೈಲಿಗೆ ಹಾಕಿದ್ರೆ ಫೈಲು ಖಾಲಿ. ಮಧ್ಯದಲ್ಲಿ ಕಿಲ್ ಮಾಡಿದ್ರೆ ಒಂದು ಸಾಲೂ ಸಿಗಲ್ಲ. ಪೈಥಾನ್ ಭಾಷೆಯ 3ನೇ ಆವೃತ್ತಿಯ ಪ್ರಿಂಟ್ ಆದೇಶ ನಂಬೋ ಹಾಗಿಲ್ಲ.

ರಾಘು_ಬಿ: ಪ್ರಿಂಟ್ ಸರಿಯಾಗೇ ಇದೆ. ಟರ್ಮಿನಲ್ ಆದ್ರೆ ಸಾಲು ಮುಗಿದ ತಕ್ಷಣ ಹೊರಗೆ ಬರುತ್ತೆ. ಫೈಲು, ಪೈಪು (ಇನ್ನೊಂದು ಪ್ರೋಗ್ರಾಂಗೆ ಕಳಿಸೋ ದಾರಿ) ಆದ್ರೆ ಬಫರ್, ಅಂದ್ರೆ ತಾತ್ಕಾಲಿಕವಾಗಿ ಕೂಡಿಡೋ ಜಾಗ, ತುಂಬೋವರೆಗೆ, ಸಾಮಾನ್ಯವಾಗಿ 8192 ಬೈಟ್, ಒಳಗೇ ಕೂತಿರುತ್ತೆ. ಕಿಲ್ ಮಾಡಿದ್ರೆ ಅಷ್ಟೂ ಹೋಯ್ತು. ಪ್ರಿಂಟ್‌ಗೆ ಫ್ಲಷ್ = ಟ್ರೂ ಕೊಡಿ, ಬಫರ್‌ನಲ್ಲಿದ್ದದ್ದು ಕೂಡಲೇ ಹೊರಗೆ ಬರುತ್ತೆ; ಪೈಥಾನ್ 3.3ರಿಂದ ಇದೆ. ಇಲ್ಲಾಂದ್ರೆ ಪೈಥಾನ್ ಆದೇಶಕ್ಕೆ ಮೈನಸ್ ಯು (ಬಫರ್ ಬೇಡ ಅನ್ನೋ ಆಯ್ಕೆ) ಹಾಕಿ ಓಡಿಸಿ.

ಹುಬ್ಳಿ_ಮಂಜ: "3.3ರಿಂದ" ಅಂತ ನೀವ ಹೇಳಿದ್ರಲ್ರಿ! 3.0 ಬಂದದ್ದು 2008ಕ್ಕ, 3.3 ಬಂದದ್ದು 2012ಕ್ಕ. ಅಲ್ಲೀತನಕ ಮಂದಿ ಏನ್ ಮಾಡಬೇಕಿತ್ತು? ಪೈಥಾನ್ 2ರಾಗ ಪ್ರಿಂಟ್‌ಗೆ ಕಂಸಾನ ಬೇಕಿರಲಿಲ್ಲ, 3ರಾಗ ಬೇಕ.

ರಾಘು_ಬಿ: ಬಫರ್ ಖಾಲಿ ಮಾಡೋ ಸಿಸ್ ಡಾಟ್ ಎಸ್‌ಟಿಡಿಔಟ್ ಡಾಟ್ ಫ್ಲಷ್ ಆಗಲೂ ಇತ್ತು. 2ರಲ್ಲೂ ಇದೇ ಬಫರ್ ಕಥೆ.

ಪ್ರಸನ್ನ_ಕೆ: "ಕಂಸಾನ ಬೇಕಿರಲಿಲ್ಲ" ಅಂತೀರಲ್ಲ ಮಂಜಣ್ಣ, 2ರಲ್ಲಿ ಕಂಸದೊಳಗೆ 'ದರ', 40 ಅಂತ ಬರೆದು ಪ್ರಿಂಟ್ ಮಾಡಿ. ಅದು ಟಪಲ್, ಅಂದ್ರೆ ಮೌಲ್ಯಗಳ ಒಂದು ಕಟ್ಟು, ಅಂದ್ಕೊಳ್ಳುತ್ತೆ. 'ದ' ಇರಬೇಕಾದ ಕಡೆ ಬ್ಯಾಕ್‌ಸ್ಲಾಷ್ ಎಕ್ಸ್ ಇ0, ಬಿ2, ಎ6 ಅಂತ ಅಕ್ಷರದ ಬೈಟ್ ಸಂಕೇತಗಳ ಕಸ ಬೀಳುತ್ತೆ. ಕನ್ನಡ ಪ್ರಿಂಟ್ ಮಾಡೋರಿಗೆ ಇದು ಚಿಕ್ಕ ವಿಷಯ ಅಲ್ಲ.

ಹುಬ್ಳಿ_ಮಂಜ: ಕಂಸ ಹಾಕು ಅಂದವ್ರು ಯಾರ್ರಿ? ಬ್ಯಾಡ ಅಂದಲ್ಲಿ ಹಾಕಿ, ಆಮ್ಯಾಲ ಭಾಷಾನ ಬೈತೀರಿ.

ಪ್ರಸನ್ನ_ಕೆ: ಎರರ್‌ಗೆ ಬೇರೆ ದಾರಿ ಬೇಕಾದಾಗ 2ರಲ್ಲಿ ಪ್ರಿಂಟ್ ಮುಂದೆ ಎರಡು ಬಾಣ (>>), ಆಮೇಲೆ ಅಲ್ಪವಿರಾಮ. 3ರಲ್ಲಿ ಫೈಲ್ ಅಂತ ಒಂದು ಆರ್ಗ್ಯುಮೆಂಟ್ ಸಾಕು. ಯಾವುದು ಓದೋಕೆ ಸುಲಭ? ಉತ್ತರ ಕೊಡಿ.

ಹುಬ್ಳಿ_ಮಂಜ: ಉತ್ತರ ಕೇಳೂ ದನಿ ನೋಡ್ರಿ! ಹಳೇ ಕೋಡ್ ಎಲ್ಲಾ ಒಡದು ಹೋತು. ಪ್ರತಿ ಸಾಲಿಗೂ ಕಂಸ ಹಾಕಿದ ಕೈ ನಮ್ಮವು, ನಿಮ್ಮವಲ್ಲ.

ವನಿತಾ_ಆರ್: "ಎರರ್‌ಗೆ ಬೇರೆ ದಾರಿ" ಅನ್ನೋದೇ ಮುಖ್ಯ. ಸ್ಟ್ಯಾಂಡರ್ಡ್ ಔಟ್‌ಪುಟ್ ಇರೋದು ಫಲಿತಾಂಶಕ್ಕೆ. ಸಂದೇಶಗಳಿಗೆ ಪೈಥಾನ್ ಜೊತೆಗೇ ಬರೋ ಲಾಗಿಂಗ್ ಮಾಡ್ಯೂಲ್ ಬಳಸಿ, ಅದು ತಾನಾಗೇ ಸ್ಟ್ಯಾಂಡರ್ಡ್ ಎರರ್‌ಗೆ, ಅಂದ್ರೆ ಆ ಬೇರೆ ದಾರಿಗೆ, ಬರೆಯುತ್ತೆ.

ರಾಘು_ಬಿ: "ತಾನಾಗೇ" ಅಲ್ಲ ಮೇಡಂ. ಡಿಫಾಲ್ಟ್ ಮಟ್ಟ ವಾರ್ನಿಂಗ್, ಅದಕ್ಕಿಂತ ಕೆಳಗಿನ ಮಟ್ಟದ ಸಂದೇಶ ಬರಲ್ಲ. ಇನ್ಫೋ ಅಂತ ಬರೆದ್ರೆ ಏನೂ ಕಾಣಲ್ಲ, ಆಗ ಇಲ್ಲೇ ಇನ್ನೊಂದು ಪ್ರಶ್ನೆ ಬರುತ್ತೆ.

ವನಿತಾ_ಆರ್: ಮಟ್ಟ ಬದಲಿಸೋಕೆ ಒಂದೇ ಸಾಲು. ನೀವು ಪ್ರತಿ ಪ್ರಿಂಟ್‌ಗೂ ಫ್ಲಷ್ ಹಾಕಿಸ್ತಿದ್ದೀರಿ.

ಶೈಲಾ_ಎನ್: ಮೈನಸ್ ಯು ಹಾಕಿದೆ, ಸಾಲುಗಳು ಬರ್ತಿವೆ. ಆದ್ರೂ ಹೊಸಬರು ಇದನ್ನೆಲ್ಲ ಕೇಳಿ ತಿಳ್ಕೋಬೇಕು ಅನ್ನೋದು ತಪ್ಪು.

ಹುಬ್ಳಿ_ಮಂಜ: ಅದನ್ನ ನಾನೂ ಹೇಳಾಕತ್ತೇನಿ ಅಕ್ಕಾರ.

ಪ್ರಸನ್ನ_ಕೆ: ನೀವು ಹೇಳಿದ್ದು ಕಂಸದ ಬಗ್ಗೆ. ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.