ಹಸಿರು, ಹಳದಿ ಬಡ್ಜಿ ಜೋಡಿ: ಪನ್ನೆಟ್ ಚೌಕದ ಲೆಕ್ಕ ತಾಳೆಯಾಗುತ್ತಿಲ್ಲ

ಮಡಕೆಗೂಡು: ತಲೆ ಕೆಟ್ಟುಹೋಗಿದೆ. ಅಪ್ಪಟ ಹಸಿರು ಎಂದು ಮಾರಿದ ಬಡ್ಜಿಯನ್ನು (ಪುಟ್ಟ ಸಾಕುಗಿಣಿ) ಲುಟಿನೋ, ಅಂದರೆ ಕೆಂಗಣ್ಣಿನ ಹಳದಿ ಹಕ್ಕಿಯ ಜೊತೆ ಬಿಟ್ಟಿದ್ದೆ. ಲುಟಿನೋ ಅಪ್ರಬಲ ಗುಣ, ಹಸಿರಿನ ಗುಣ ಜೊತೆಗಿದ್ದರೆ ಅಡಗಿಬಿಡುತ್ತದೆ; ಅಪ್ಪ ಅಮ್ಮನ ಗುಣ ಬರೆದು ಮರಿಗಳ ಬಣ್ಣ ಲೆಕ್ಕ ಹಾಕುವ ಪನ್ನೆಟ್ ಚೌಕದ ನಾಲ್ಕೂ ಮನೆಗಳಲ್ಲಿ ಹಸಿರೇ ಬಂತು. ಮಡಕೆಗೆ ಇಣುಕಿದರೆ ಐದು ಮರಿಗಳಲ್ಲಿ ಎರಡಕ್ಕೆ ಕೆಂಗಣ್ಣು, ಹಳದಿ ಪುಕ್ಕ! ಮಾರಿದವನು ಟೋಪಿ ಹಾಕಿದನೇ?

ನವಣೆಪ್ರಿಯ: ಇನ್ನೇನು ಮತ್ತೆ? ನಿಮ್ಮ ಹಸಿರು ಹಕ್ಕಿ ಸ್ಪ್ಲಿಟ್. ಹೊರಗೆ ಹಸಿರು, ಒಳಗೆ ಲುಟಿನೋ. ಮರಿಗಳು ಅರ್ಧಕ್ಕರ್ಧ. ಐದರಲ್ಲಿ ಎರಡು, ಲೆಕ್ಕ ಸರಿಹೋಯಿತು.

ಗಿಣಿಮನೆ: ಗಂಡು ಯಾವುದು? ಅದನ್ನೇ ಬರೆದಿಲ್ಲ.

ನವಣೆಪ್ರಿಯ: ಯಾವುದಾದರೇನು ಸಾರ್? ಮೆಂಡೆಲ್ ಬಟಾಣಿಯಲ್ಲಿ ಅಪ್ಪ ಅಮ್ಮನನ್ನು ಅದಲುಬದಲು ಮಾಡಿದರೂ ಫಲಿತಾಂಶ ಒಂದೇ ಇತ್ತು. ಇದು ಸ್ಪ್ಲಿಟ್, ಬರೆದಿಟ್ಟುಕೊಳ್ಳಿ.

ಗಿಣಿಮನೆ: ಬಟಾಣಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಲುಟಿನೋ ಕೂತಿರುವುದು ಗಂಡು ಹೆಣ್ಣು ನಿರ್ಧರಿಸುವ ಝಡ್ ವರ್ಣತಂತುವಿನಲ್ಲಿ. ಗಂಡು ಹಕ್ಕಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಹೆಣ್ಣಿನಲ್ಲಿ ಆ ಗುಣವಿದ್ದರೆ ಮೈಮೇಲೆ ಕಾಣಲೇಬೇಕು. ಲುಟಿನೋಗೆ ಸ್ಪ್ಲಿಟ್ ಆದ ಹೆಣ್ಣು ಎಂಬುದೇ ಇಲ್ಲ.

ಮಡಕೆಗೂಡು: ಹಳದಿಯದೇ ಗಂಡು. ಫೋಟೋ ಹಾಕಿದ್ದೇನಲ್ಲ, ನೋಡಿದರೆ ಗೊತ್ತಾಗುವುದಿಲ್ಲವೇ?

ದೊಡ್ಡಪಂಜರ: ಗಂಡಾಗಿದ್ದರೆ ಮೂಗಿನ ಮೇಲಿನ ತೊಗಲು ನೀಲಿ ಇರಬೇಕಿತ್ತು. ಇದು ಹೆಣ್ಣೇ. ನನ್ನ ಆರಡಿ ಪಂಜರದಲ್ಲಿ ಎಲ್ಲ ಗಂಡುಗಳ ಮೂಗೂ ಕಡುನೀಲಿ.

ಗಿಣಿಮನೆ: ಆರಡಿ ಪಂಜರದಲ್ಲಿ ಲುಟಿನೋ ಗಂಡು ಇಲ್ಲವೆಂದು ಕಾಣುತ್ತದೆ. ಅದರ ಮೂಗು ಎಷ್ಟು ವಯಸ್ಸಾದರೂ ನೇರಳೆ ಬೆರೆತ ಗುಲಾಬಿ ಬಣ್ಣದಲ್ಲೇ ಉಳಿಯುತ್ತದೆ.

ಮಡಕೆಗೂಡು ಅವರೇ, ಚೌಕ ಹೊಸದಾಗಿ ಹಾಕಿ. ಮೇಲೆ ತಂದೆಯ ಎರಡು ಝಡ್, ಎರಡರಲ್ಲೂ ಲುಟಿನೋ. ಪಕ್ಕದಲ್ಲಿ ತಾಯಿಯ ಹಸಿರು ಝಡ್, ಕೆಳಗೆ ಬಣ್ಣದ ಗುಣವಿಲ್ಲದ ಡಬ್ಲ್ಯೂ. ಗಂಡುಮರಿಗಳೆಲ್ಲ ಸ್ಪ್ಲಿಟ್ ಹಸಿರು, ಹೆಣ್ಣುಮರಿಗಳೆಲ್ಲ ಹಳದಿ. ಮಾರಿದವನನ್ನು ಬೈಯಬೇಡಿ. ಕೋಳಿಮರಿಗಳಲ್ಲಿ ಗಂಡು ಹೆಣ್ಣನ್ನು ಪುಕ್ಕದ ಬಣ್ಣದಿಂದಲೇ ಬೇರ್ಪಡಿಸಬಹುದೆಂದು ಮೊದಲ ಮಹಾಯುದ್ಧದ ಕಾಲದಲ್ಲಿ ಈ ಚೌಕ ರೂಪಿಸಿದ ಪನ್ನೆಟ್ ಸೂಚಿಸಿದ್ದೂ ಇದೇ ಸೂತ್ರದ ಮೇಲೆ.

ನವಣೆಪ್ರಿಯ: ಆದರೂ ಇನ್ನೊಂದು ಹಸಿರು ಹೆಣ್ಣಿನ ಜೊತೆ ಬಿಟ್ಟು ನೋಡುವವರೆಗೆ ನಾನು ಒಪ್ಪುವುದಿಲ್ಲ.

ಮಡಕೆಗೂಡು: ಹಾಗಾದರೆ ಈ ಹಸಿರು ಗಂಡುಮರಿ ದೊಡ್ಡದಾದ ಮೇಲೆ ಹಸಿರು ಹೆಣ್ಣಿನ ಜೊತೆ ಬಿಟ್ಟರೆ?

ಗಿಣಿಮನೆ: ಹೆಣ್ಣುಮರಿಗಳಲ್ಲಿ ಸರಾಸರಿ ಅರ್ಧ ಹಳದಿ. ಗಂಡೆಲ್ಲ ಹಸಿರೇ, ಆದರೆ ಯಾವುದು ಸ್ಪ್ಲಿಟ್ ಎಂದು ನೋಡಿ ಹೇಳಲಾಗದು.

ದೊಡ್ಡಪಂಜರ: ಬಣ್ಣ ಹಾಗಿರಲಿ, ಮಡಕೆ ಬಿಟ್ಟು ಮರದ ಪೆಟ್ಟಿಗೆ ಇಡಿ. ನನ್ನದರ ಫೋಟೋ ಹಾಕಲೇ?