ಅಪ್ಪನ ಆಸ್ಪತ್ರೆ ಬಿಲ್ಲು: ವಿಮೆ ಕೊಟ್ಟದ್ದು, ಕಂಪನಿ ಕೊಟ್ಟದ್ದು, ಎರಡಕ್ಕೂ ತೆರಿಗೆ ಇದೆಯಾ?

ಪ್ರಶ್ನೆ: ಹೆಬ್ಬಾಳ_ಸಿಗ್ನಲ್

2025–26ರ ಆದಾಯ ತೆರಿಗೆ ಲೆಕ್ಕ, ಹಳೇ ತೆರಿಗೆ ಪದ್ಧತಿ. ಅಪ್ಪನಿಗೆ 68 ವರ್ಷ, ಕಿಡ್ನಿ ವೈಫಲ್ಯ. ಖಾಸಗಿ ಆಸ್ಪತ್ರೆಯಲ್ಲಿ 9 ದಿನ ಇದ್ದರು, ಬಿಲ್ಲು 4,80,000. ಕಂಪನಿಯ ಗ್ರೂಪ್ ಪಾಲಿಸಿಯಿಂದ ಕ್ಯಾಶ್‌ಲೆಸ್ ಆಗಿ 3,00,000 ಹೋಯಿತು. ಉಳಿದ 1,80,000 ನಾನು ಕಟ್ಟಿದೆ. ಅದರಲ್ಲಿ 60,000 ರೂಪಾಯಿಯನ್ನು ಬಿಲ್ಲು ತೆಗೆದುಕೊಂಡು ಕಂಪನಿ ವಾಪಸ್ ಕೊಟ್ಟಿದೆ. ಪಾಲಿಸಿಗೆ ಅಪ್ಪನ ಹೆಸರು ಸೇರಿಸಿದ್ದಕ್ಕೆ ನನ್ನ ಸಂಬಳದಲ್ಲಿ 18,000 ಹಿಡಿದಿದ್ದಾರೆ. ಇದಲ್ಲದೆ ತಿಂಗಳಿಗೆ 1,250 ಮೆಡಿಕಲ್ ಅಲೊಯನ್ಸ್ ಬರುತ್ತದೆ.

ಇದರಲ್ಲಿ ಯಾವುದಕ್ಕೆ ತೆರಿಗೆ? ಕೈಯಿಂದ ಹೋದ 1,20,000ಕ್ಕೆ ಎಲ್ಲಾದರೂ ಕಡಿತ ಸಿಗುತ್ತದಾ?

ಖಾತೆ_ಕಿರ್ದಿ

3,00,000ದ ಚಿಂತೆ ಬಿಡಿ. ಆದ ಖರ್ಚನ್ನು ವಿಮೆ ತುಂಬಿಕೊಟ್ಟರೆ ಅದು ಆದಾಯವೇ ಅಲ್ಲ. ಕ್ಯಾಶ್‌ಲೆಸ್ ಆದರೂ ಅಷ್ಟೇ, ನೀವು ಕಟ್ಟಿ ಆಮೇಲೆ ಕ್ಲೈಮು ಮಾಡಿದರೂ ಅಷ್ಟೇ. ರಿಟರ್ನಿನಲ್ಲಿ ಎಲ್ಲೂ ತೋರಿಸಬೇಕಿಲ್ಲ. ಆಸ್ಪತ್ರೆಗೆ ದುಡ್ಡು ಕೊಡುವಾಗ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೈಮು ನೋಡಿಕೊಳ್ಳುವ ಸಂಸ್ಥೆ) ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ, ಹಿಡಿಯುತ್ತದೆ. ಅದು ಆಸ್ಪತ್ರೆಯ ಪ್ಯಾನ್ ಲೆಕ್ಕಕ್ಕೆ ಹೋಗುತ್ತದೆ, ನಿಮ್ಮದಕ್ಕಲ್ಲ.

1,250ಕ್ಕೆ ಪೂರ್ತಿ ತೆರಿಗೆ. ಬಿಲ್ಲು ಕೊಟ್ಟರೆ ವರ್ಷಕ್ಕೆ 15,000 ಬಿಡುತ್ತಿದ್ದ ಕಾಲ 2018ರ ಬಜೆಟ್‌ಗೇ ಮುಗಿಯಿತು. ಅದರ ಬದಲಿಗೆ ಬಂದದ್ದೇ ಸ್ಟ್ಯಾಂಡರ್ಡ್ ಡಿಡಕ್ಷನ್. ಈಗಲೂ ಮಾರ್ಚ್ ಬಂತೆಂದರೆ ಔಷಧಿ ಅಂಗಡಿ ಚೀಟಿ ಕೂಡಿಸುವವರಿದ್ದಾರೆ. ಪ್ರಯೋಜನ ಇಲ್ಲ.

ನಿಜವಾದ ಪ್ರಶ್ನೆ ಇರುವುದು 60,000ದಲ್ಲಿ. ಉದ್ಯೋಗದಾತ ಕೊಟ್ಟ ಹಣ ಮೊದಲ ನೋಟಕ್ಕೆ ಸಂಬಳದ ಭಾಗವೇ. ಅದನ್ನು ಹೊರಗಿಡಬೇಕಾದರೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 17(2)ರ ಷರತ್ತು ಕೂಡಬೇಕು: ಕಂಪನಿಯದೇ ಆಸ್ಪತ್ರೆ, ಇಲ್ಲವೇ ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಯ ಆಸ್ಪತ್ರೆ, ಇಲ್ಲವೇ ಆದಾಯ ತೆರಿಗೆಯ ಪ್ರಧಾನ ಮುಖ್ಯ ಆಯುಕ್ತರು ಒಪ್ಪಿಗೆ ಕೊಟ್ಟ ಖಾಸಗಿ ಆಸ್ಪತ್ರೆ. ಕೊನೆಯದಕ್ಕೆ ಕಾಯಿಲೆಯೂ ಆದಾಯ ತೆರಿಗೆ ನಿಯಮ 3ಎ ಪಟ್ಟಿಯಲ್ಲಿರಬೇಕು. ಮೂತ್ರಾಂಗದ ಕಾಯಿಲೆಗೆ ಸತತ 3 ದಿನ ಒಳರೋಗಿಯಾಗಿದ್ದರೆ ಸಾಕು, ನಿಮ್ಮದು 9 ದಿನ. ಹಾಗಾಗಿ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಒಪ್ಪಿಗೆ ಆದೇಶದ ಪ್ರತಿ ಕೇಳಿ, ಅದರ ಅವಧಿಯೊಳಗೆ ನಿಮ್ಮ ದಿನಾಂಕ ಬರುತ್ತದಾ ನೋಡಿ. ವಿಮಾ ಕಂಪನಿಯ 'ನೆಟ್‌ವರ್ಕ್ ಆಸ್ಪತ್ರೆ' ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಜನ ಎಡವುವುದು ಇಲ್ಲೇ.

ತುಮಕೂರು_ರಸ್ತೆ

ಉಳಿದ 1,20,000ಕ್ಕೆ 80ಡಿಡಿಬಿ ಹಾಕಿ, ಅದು ಕೆಲವು ಗಂಭೀರ ಕಾಯಿಲೆಗಳ ಚಿಕಿತ್ಸಾ ವೆಚ್ಚಕ್ಕೆ ಕಡಿತ ಕೊಡುವ ಸೆಕ್ಷನ್. ದೀರ್ಘಕಾಲದ ಕಿಡ್ನಿ ವೈಫಲ್ಯ ಪಟ್ಟಿಯಲ್ಲಿದೆ, ಹಿರಿಯ ನಾಗರಿಕರಿಗೆ ಮಿತಿ 1,00,000. ಪೂರ್ತಿ ಸಿಗುತ್ತದೆ.

ಖಾತೆ_ಕಿರ್ದಿ

ಸಿಗುವುದಿಲ್ಲ. ಕಳೆಯುವ ಕ್ರಮವೇ ತಲೆಕೆಳಗಾಗಿದೆ. ನೀವು 4,80,000ದಲ್ಲಿ ವಿಮೆ ಕಳೆದು, ಉಳಿದದ್ದಕ್ಕೆ ಮಿತಿ ಹಾಕಿದ್ದೀರಿ. ಕಾಯ್ದೆ ಹೇಳುವುದು ಬೇರೆ: ಮೊದಲು ಖರ್ಚು ಅಥವಾ 1,00,000, ಯಾವುದು ಕಡಿಮೆಯೋ ಅದು. *ಆ ಕಡಿತದಲ್ಲಿ* ವಿಮೆಯಿಂದ ಮತ್ತು ಉದ್ಯೋಗದಾತನಿಂದ ಬಂದದ್ದನ್ನು ಕಳೆಯಬೇಕು. 1,00,000ದಿಂದ 3,00,000 ಕಳೆದರೆ ಏನು ಉಳಿಯುತ್ತದೆ? ಸೊನ್ನೆ.

ವಿಮೆಯಿಂದ 30,000 ಮಾತ್ರ ಬಂದಿದ್ದರೆ 70,000 ಸಿಗುತ್ತಿತ್ತು. ಒಂದು ರೂಪಾಯಿಯೂ ಬರದಿದ್ದರೆ ಪೂರ್ತಿ 1,00,000. ಅಂದರೆ ಒಂದು ಲಕ್ಷ ದಾಟಿದ ಕ್ಲೈಮು ಬಂದ ವರ್ಷ ಈ ಸೆಕ್ಷನ್ ಮರೆತುಬಿಡಿ. ಡಯಾಲಿಸಿಸ್‌ಗೆ ಕೈಯಿಂದಲೇ ಕೊಡುವ ವರ್ಷಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಆಗ ನೆಫ್ರಾಲಜಿಸ್ಟ್ ಅಥವಾ ಯೂರಾಲಜಿಸ್ಟ್ ಬರೆದ ಚೀಟಿ ಬೇಕು. ರೋಗಿಯ ಹೆಸರು, ವಯಸ್ಸು, ಕಾಯಿಲೆ, ವೈದ್ಯರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ ಎಲ್ಲ ಅದರಲ್ಲಿರಬೇಕು. ಮೊದಲು ಬೇಕಿದ್ದ ವೈದ್ಯರ ಪ್ರಮಾಣಪತ್ರ, ಅಂದರೆ ಹಳೇ ಫಾರಂ 10-ಐ, ಈಗ ಬೇಡ.

ಇನ್ನೊಂದು ಮಾತು. 80ಡಿಡಿಬಿಗೂ, ಆ 60,000ದ ವಿನಾಯಿತಿಗೂ ಅಪ್ಪ ನಿಮ್ಮನ್ನೇ ಮುಖ್ಯವಾಗಿ ಅವಲಂಬಿಸಿರಬೇಕು. ಅವರಿಗೆ ಪೆನ್ಷನ್ ಇದೆಯಾ?

ಹೆಬ್ಬಾಳ_ಸಿಗ್ನಲ್

ಇದೆ, ತಿಂಗಳಿಗೆ 22,000. ಹಾಗಾದರೆ 60,000 ಹೋಯಿತಾ? ಕಂಪನಿ ಕೊಟ್ಟ ಫಾರಂ 16ರಲ್ಲಿ (ಸಂಬಳ, ಹಿಡಿದ ತೆರಿಗೆಯ ಪ್ರಮಾಣಪತ್ರ) ಅದನ್ನು ಈಗಾಗಲೇ ಸಂಬಳಕ್ಕೆ ಸೇರಿಸಿದ್ದಾರೆ. ಮತ್ತೆ ಆ 18,000?

ಖಾತೆ_ಕಿರ್ದಿ

60,000ದ ವಿಷಯದಲ್ಲಿ ಹೆಂಡತಿ ಮಕ್ಕಳಾಗಿದ್ದರೆ ಅವಲಂಬನೆಯ ಪ್ರಶ್ನೆಯೇ ಬರುತ್ತಿರಲಿಲ್ಲ; ತಂದೆ ತಾಯಿ, ಒಡಹುಟ್ಟಿದವರಿಗೆ ಮಾತ್ರ ಆ ಷರತ್ತು. 22,000 ಪೆನ್ಷನ್ ಬರುವವರನ್ನು ಅವಲಂಬಿತರು ಎಂದು ವಾದಿಸಲು ನಾನಂತೂ ಹೋಗುವುದಿಲ್ಲ. ಫಾರಂ 16 ಇದ್ದ ಹಾಗೇ ಇರಲಿ.

18,000 ಮಾತ್ರ ಗಟ್ಟಿ. ಆರೋಗ್ಯ ವಿಮೆಯ ಕಂತಿಗೆ ಕಡಿತ ಕೊಡುವ 80ಡಿಯಲ್ಲಿ ತಂದೆ ತಾಯಿ ಅವಲಂಬಿತರಾಗಿರಬೇಕು ಎಂದಿಲ್ಲ, ಅವರು ಹಿರಿಯ ನಾಗರಿಕರಾದರೆ 50,000ದವರೆಗೆ ಅವಕಾಶ. ಕಂತು ನಗದಿನಲ್ಲಿ ಕಟ್ಟಿರಬಾರದು. ಸಂಬಳದಲ್ಲಿ ಹಿಡಿದದ್ದಕ್ಕೆ ತೊಂದರೆಯಿಲ್ಲ. ರಿಟರ್ನಿನಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಕೇಳುತ್ತದೆ. ಪಾಲಿಸಿ ಇರುವುದು ಕಂಪನಿಯ ಹೆಸರಿನಲ್ಲಿ, ಹಾಗಾಗಿ ಎಚ್‌ಆರ್‌ನಿಂದ ಈ ಮೂರು ಇರುವ ಪತ್ರ ತರಿಸಿಕೊಳ್ಳಿ: ಮಾಸ್ಟರ್ ಪಾಲಿಸಿ ಸಂಖ್ಯೆ, ಅಪ್ಪನ ಹೆಸರು, ನಿಮ್ಮಿಂದ ಹಿಡಿದ ಮೊತ್ತ. ಕಂಪನಿ ತಾನೇ ಕಟ್ಟಿದ ಪಾಲನ್ನು ಸೇರಿಸಬೇಡಿ. ಅದು ನಿಮ್ಮ ಆದಾಯವೂ ಅಲ್ಲ, ನಿಮ್ಮ ಕಡಿತವೂ ಅಲ್ಲ.

50,000ದಲ್ಲಿ ಮಿಕ್ಕ 32,000ಕ್ಕೆ ಆಸ್ಪತ್ರೆ ಖರ್ಚು ತೋರಿಸಬಹುದಲ್ಲ ಎನ್ನಬೇಡಿ. ಹಿರಿಯರ ಚಿಕಿತ್ಸಾ ವೆಚ್ಚಕ್ಕೆ 80ಡಿ ಸಿಗುವುದು ಆ ವ್ಯಕ್ತಿಗೆ ಆರೋಗ್ಯ ವಿಮೆ ಇಲ್ಲದಿದ್ದಾಗ ಮಾತ್ರ. ಅಮ್ಮನಿಗೆ 60 ದಾಟಿ ವಿಮೆ ಇಲ್ಲದಿದ್ದರೆ ಅವರ ವೈದ್ಯಕೀಯ ಖರ್ಚು ಆ 32,000ದಲ್ಲಿ ಕೂರುತ್ತದೆ, ಆದರೆ ಅದನ್ನೂ ನಗದು ಬಿಟ್ಟು ಬೇರೆ ರೀತಿಯಲ್ಲೇ ಕೊಟ್ಟಿರಬೇಕು. ನಗದಿಗೆ ಒಪ್ಪಿಗೆ ಇರುವುದು ಮುಂಜಾಗ್ರತಾ ತಪಾಸಣೆಗೆ ಮಾತ್ರ. 5,000ದವರೆಗೆ, ಅದೂ ಈ ಮಿತಿಯ ಒಳಗೇ.

ಹೈಸ್ಕೂಲ್_ಮೇಡಂ

ಸರ್, ರಾಜ್ಯ ಸರ್ಕಾರಿ ನೌಕರರು ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿ ಇಲಾಖೆಯಿಂದ ಮರುಪಾವತಿ ಪಡೆದರೂ ಮುಖ್ಯ ಆಯುಕ್ತರ ಒಪ್ಪಿಗೆ ಬೇಕಾ? ನಾನು ಹೊಸ ಪದ್ಧತಿಯಲ್ಲಿದ್ದೇನೆ.

ತುಮಕೂರು_ರಸ್ತೆ

80ಡಿಡಿಬಿ ಲೆಕ್ಕದಲ್ಲಿ ತಪ್ಪಿದ್ದು ಒಪ್ಪಿಕೊಂಡೆ. ಇದು ಮಾತ್ರ ಖಚಿತವಾಗಿ ಗೊತ್ತು. ನಿಮಗೆ ಬೇರೆ ಬಾಗಿಲು ಇದೆ ಮೇಡಂ: ಸರ್ಕಾರ ತನ್ನ ನೌಕರರ ಚಿಕಿತ್ಸೆಗೆಂದು ಮಾನ್ಯ ಮಾಡಿದ ಆಸ್ಪತ್ರೆಯಾಗಿದ್ದರೆ ಸಾಕು, ಆಯುಕ್ತರ ಒಪ್ಪಿಗೆಯೂ ಬೇಡ, ಕಾಯಿಲೆಯ ಪಟ್ಟಿಯೂ ಬೇಡ. 17(2)ರ ಈ ವಿನಾಯಿತಿಗಳು ಹೊಸ ಪದ್ಧತಿಯಲ್ಲೂ ಉಳಿದಿವೆ. ಹೋಗಿರುವುದು 80ಡಿ, 80ಡಿಡಿಬಿ ಥರದ ಕಡಿತಗಳು. ಮರುಪಾವತಿ ಮೊತ್ತ ಫಾರಂ 16ರಲ್ಲಿ ಸಂಬಳದ ಜತೆ ಸೇರಿಕೊಂಡಿದ್ದರೆ ಮಾನ್ಯತೆಯ ಆದೇಶ, ಮಂಜೂರಾತಿ ಆದೇಶ ಎರಡನ್ನೂ ಇಟ್ಟು ಡಿಡಿಒ (ಸಂಬಳ ಬಿಲ್ಲು ಮಾಡುವ ಅಧಿಕಾರಿ) ಅವರಿಂದ ತಿದ್ದಿಸಿ. ರಿಟರ್ನಿನಲ್ಲಿ ನೀವೇ ಕಡಿಮೆ ತೋರಿಸಿದರೆ ಫಾರಂ 16ಕ್ಕೂ ಅದಕ್ಕೂ ತಾಳೆಯಾಗದೆ ನೋಟಿಸು ಬರಬಹುದು.

ಹೆಬ್ಬಾಳ_ಸಿಗ್ನಲ್

ಕೊನೆಯದೊಂದು. ಮನೆಯವರ ಬೇರೆ ಪಾಲಿಸಿಯ ಕ್ಲೈಮು ತಡವಾಗಿ ಬಂತು. 85,000ದ ಜತೆ 2,140 ಹೆಚ್ಚು ಬಂದಿದೆ, ತಡವಾದದ್ದಕ್ಕೆ ಬಡ್ಡಿ ಅಂತೆ.

ಖಾತೆ_ಕಿರ್ದಿ

85,000 ಬಿಡಿ. 2,140 ಬಡ್ಡಿ, ಅದಕ್ಕೆ ತೆರಿಗೆ ಇದೆ. ಪಾಲಿಸಿ ಅವರ ಹೆಸರಿನಲ್ಲಿದ್ದರೆ ಅವರ ರಿಟರ್ನಿನಲ್ಲಿ 'ಇತರ ಮೂಲಗಳ ಆದಾಯ'ದಲ್ಲಿ ಬರೆಯಿರಿ. ಟಿಡಿಎಸ್ ಹಿಡಿದಿದ್ದರೆ ತೆರಿಗೆ ಇಲಾಖೆಯ ಜಮಾ ಪಟ್ಟಿಯಾದ ಫಾರಂ 26ಎಎಸ್‌ನಲ್ಲಿ ಕಾಣುತ್ತದೆ, ಹಿಡಿಯದಿದ್ದರೂ ಬರೆಯಲೇಬೇಕು. ಸೆಟಲ್‌ಮೆಂಟ್ ಪತ್ರದಲ್ಲಿ ಎರಡು ಮೊತ್ತವನ್ನೂ ಬೇರೆ ಬೇರೆ ತೋರಿಸಿದ್ದಾರಾ ನೋಡಿ. ಒಟ್ಟಿಗೆ 87,140 ಎಂದಷ್ಟೇ ಇದ್ದರೆ ಒಡೆದು ಬರೆದ ಪತ್ರ ಈಗಲೇ ಕೇಳಿ ಇಟ್ಟುಕೊಳ್ಳಿ.