ಗೊತ್ತಿದ್ದವರು ಸೋತಂತೆ

ಪಂದ್ಯದ ನಿಯಮ ಸುಮಾಳದು. ಸರದಿಯಂತೆ ಒಬ್ಬೊಬ್ಬರು ಒಂದೊಂದು ಅನಿಮೆ, ಅಂದರೆ ಜಪಾನೀ ಕಾರ್ಟೂನಿನ, ಹಾಡು ಹಾಕಬೇಕು. ಕೂತವರಲ್ಲಿ ಯಾರಾದರೂ ಅದನ್ನು ಮೊದಲೇ ಕೇಳಿದ್ದರೆ ಹಾಕಿದವರು ಸೋತಂತೆ. ಸೋತವರು ಕೊಡೆ ಹಿಡಿದು ಬೀದಿ ತುದಿಯ ಗಾಡಿಯಿಂದ ಮೆಣಸಿನಕಾಯಿ ಬಜ್ಜಿ ತರಬೇಕು. ಹೊರಗೆ ಬಿಡದೆ ಮಳೆ ಸುರಿಯುತ್ತಿತ್ತು. ರಘುವಿನ ಮನೆಯಲ್ಲಿದ್ದ ಒಂದೇ ಕೊಡೆಯ ಎರಡು ಕಡ್ಡಿ ಮುರಿದಿದ್ದವು. ಹಾಗಾಗಿ ಪಂದ್ಯಕ್ಕೆ ತಕ್ಕಮಟ್ಟಿನ ಗಾಂಭೀರ್ಯ ಬಂದಿತ್ತು.

ಮೊದಲ ಸರದಿ ಮನೆಯ ಯಜಮಾನನದೇ. ರಘು ದೊಡ್ಡ ರಹಸ್ಯ ಬಿಚ್ಚುವವನಂತೆ ಮೊಬೈಲ್ ಒತ್ತಿದ. ಎರಡು ಸೆಕೆಂಡಿಗೆ ಎಲ್ಲರೂ ಒಟ್ಟಿಗೆ ಹಾಡತೊಡಗಿದೆವು. ಕಾಡಿನಲ್ಲೆಲ್ಲ ಸುದ್ದಿ ಹಬ್ಬಿದ, ಚಡ್ಡಿ ತೊಟ್ಟು ಹೂವು ಅರಳಿದ ಆ ಹಿಂದಿ ಹಾಡು! ಭಾನುವಾರಗಳಲ್ಲಿ ದೂರದರ್ಶನದ ಮುಂದೆ ಕೂತು ಬೆಳೆದವರಿಗೆ ಅದನ್ನು ಹಾಕಿ ಗೆಲ್ಲುತ್ತೇನೆ ಎಂದುಕೊಂಡಿದ್ದನಲ್ಲ!

‘ಹಾಡು ಗೊತ್ತು, ಸರಿ. ಅದು ಅನಿಮೆ ಎಂದು ಗೊತ್ತಿತ್ತೇ?’ ಎಂದು ಅವನು ವಕೀಲಿಕೆಗೆ ಇಳಿದ. ‘ಮೋಗ್ಲಿಯ ಆ ಧಾರಾವಾಹಿ ಜಪಾನಿನ ನಿಪ್ಪಾನ್ ಆನಿಮೇಷನ್‌ನವರು 1989ರಲ್ಲಿ ಮಾಡಿದ್ದು. ಅಲ್ಲಿಯ ಹಾಡೇ ಬೇರೆ. ಇದನ್ನು ಗುಲ್ಜಾರ್ ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು.’

‘ಮಾಹಿತಿಗೆ ಧನ್ಯವಾದ. ನನಗೆ ಎರಡು ಪ್ಲೇಟು, ಈರುಳ್ಳಿ ಜಾಸ್ತಿ ಇರಲಿ’ ಎಂದಳು ಸುಮಾ.

ಅವನು ನೆನೆದು ಬರುವಷ್ಟರಲ್ಲಿ ನನ್ನ ಸರದಿ. ನಾನು ಹಾಕಿದ್ದು ‘ಡ್ಯುವೆ’. 1998ರ ‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’ ಎಂಬ ಅರ್ಥವಾಗದ ಅನಿಮೆಯ ಆರಂಭದ ಹಾಡು. ಹಾಡಿದ್ದು ಬೋವಾ ಎಂಬ ಇಂಗ್ಲೆಂಡಿನ ತಂಡ. ಕಾಲೇಜಿನ ದಿನಗಳಲ್ಲಿ ಇದನ್ನು ನಾನೇ ಕಂಡುಹಿಡಿದೆ ಎಂಬ ಹೆಮ್ಮೆಯಿಂದ ಬದುಕಿದವನು ನಾನು. ಕಣ್ಣು ಮುಚ್ಚಿ ಕೇಳುತ್ತಿದ್ದೆ. ಹಾಡು ಎರಡು ದನಿಗಳಲ್ಲಿ ಕೇಳಿಸತೊಡಗಿತು. ಕಣ್ಣು ಬಿಟ್ಟರೆ ಬಾಗಿಲಲ್ಲಿ ರಘುವಿನ ಅಕ್ಕನ ಮಗಳು, ಒಂಬತ್ತನೇ ತರಗತಿಯವಳು, ನೀರಿನ ಬಾಟಲಿ ಹಿಡಿದು ಒಂದಕ್ಷರ ತಪ್ಪದೆ ಹಾಡುತ್ತಿದ್ದಾಳೆ.

‘ಅಂಕಲ್, ಇದು ರೀಲ್ಸ್ ಹಾಡಲ್ಲವೇ? ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಬರುತ್ತದೆ.’

ಸೋತದ್ದಕ್ಕಿಂತ ಆ ‘ಅಂಕಲ್’ ಹೆಚ್ಚು ಚುಚ್ಚಿತು. ನಿಜ ಹೇಳಬೇಕೆಂದರೆ ಆ ತಂಡ 2005ರ ನಂತರ ಮತ್ತೊಂದು ಆಲ್ಬಂ ತಂದದ್ದು 2024ರಲ್ಲಿ. ಇಪ್ಪತ್ತು ವರ್ಷ ನನ್ನಂಥವರು ಕದ್ದುಮುಚ್ಚಿ ಕೇಳಿದ್ದರಿಂದ ಅವರ ಒಲೆ ಉರಿಯಲಿಲ್ಲ. ಈ ಮಕ್ಕಳ ಬೆರಳಿನಿಂದ ಉರಿಯಿತು. ಕೊಡೆ ಎತ್ತಿಕೊಂಡೆ.

ನಾನು ಹಿಂತಿರುಗಿದಾಗ ಸುಮಾಳ ಹಾಡು ನಡೆಯುತ್ತಿತ್ತು. ಒಂದು ಗಿಟಾರ್, ಒಂದು ಮೆದು ಗಂಡು ದನಿ, ಇಂಗ್ಲಿಷ್ ಮಾತು. ಮಳೆಗೂ ಹಾಡಿಗೂ ಜಗಳವೇ ಇಲ್ಲ. ಯಾರಿಗೂ ಗೊತ್ತಿರಲಿಲ್ಲ.

‘ಮುಶಿಶಿ, 2005. ಹಾಡಿದವನು ಸ್ಕಾಟ್ಲೆಂಡಿನ ಆ್ಯಲಿ ಕೆರ್. ಹಾಡಿನ ಹೆಸರು ನೋಯುವ ಕಾಲಿನ ಹಾಡು’ ಎಂದಳು.

‘ನಮ್ಮ ಅಮ್ಮ ದಿನಾ ರಾತ್ರಿ ಮುಲಾಮು ಹಚ್ಚಿಕೊಳ್ಳುತ್ತಾ ಅದನ್ನೇ ಹಾಡುತ್ತಾರೆ’ ಎಂದ ರಘು.

‘ಕೇಳೋ. ನಿನ್ನನ್ನು ನೋಡಲು ಹತ್ತು ಸಾವಿರ ಮೈಲಿ ನಡೆದು ಬಂದೆ ಎನ್ನುತ್ತಾನೆ.’

‘ಹದಿನಾರು ಸಾವಿರ ಕಿಲೋಮೀಟರ್’ ಎಂದು ಪ್ರಸನ್ನ ಲೆಕ್ಕ ಹಾಕಿದ. ‘ದಿನಕ್ಕೆ ಮೂವತ್ತು ನಡೆದರೂ ಒಂದೂವರೆ ವರ್ಷ. ಅಷ್ಟರಲ್ಲಿ ಆ ಹುಡುಗಿಗೆ ಮದುವೆಯಾಗಿರುತ್ತದೆ.’

ಸುಮಾ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಅನಿಮೆಯ ನಾಯಕ ಗಿಂಕೋ ಊರಿಂದೂರಿಗೆ, ಬೆಟ್ಟದಿಂದ ಬೆಟ್ಟಕ್ಕೆ ಬೆನ್ನ ಮೇಲೆ ಮರದ ಪೆಟ್ಟಿಗೆ ಹೊತ್ತು ನಡೆಯುವವನು, ಎಲ್ಲಿಯೂ ನೆಲೆ ನಿಲ್ಲಲಾರದವನು. ಅವನಿಗೆ ಇದಕ್ಕಿಂತ ಒಪ್ಪುವ ಹಾಡನ್ನು ಜಪಾನಿನಲ್ಲೇ ಕೂತು ಬರೆದಿದ್ದರೂ ಸಿಗುತ್ತಿರಲಿಲ್ಲ. ನಾನು ಆ ಧಾರಾವಾಹಿಯ ನಾಲ್ಕು ಕಂತು ನೋಡಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಪ್ರತಿ ಸಲವೂ ಹಾಡು ಬಂದ ಕೂಡಲೇ ಮುಂದಕ್ಕೆ ಹಾರಿಸಿದ್ದೆ. ಟಿವಿಯಲ್ಲಿ ಬರುವುದು ಒಂದೂವರೆ ನಿಮಿಷ. ಅಷ್ಟಕ್ಕೂ ತಾಳ್ಮೆ ಇಲ್ಲದೆ ಉಳಿಸಿದ ಆ ಸಮಯದಲ್ಲಿ ನಾನು ಏನು ಸಾಧಿಸಿದೆನೋ ದೇವರಿಗೇ ಗೊತ್ತು.

ಈಗ ಪ್ರಸನ್ನನ ಬಗ್ಗೆ ಒಂದು ಮಾತು. ಅವನು ಜಪಾನೀ ಕಲಿತಿದ್ದಾನೆ. ಜಪಾನೀ ಪರೀಕ್ಷೆಯಲ್ಲಿ ಐದು ಮೆಟ್ಟಿಲುಗಳಿವೆ. ಅವನು ಪಾಸಾಗಿರುವುದು ಅತಿ ಕೆಳಗಿನದರಲ್ಲಿ. ಅದನ್ನು ಅವನು ಹೇಳುವುದಿಲ್ಲ, ನಾವು ಮರೆಯುವುದಿಲ್ಲ.

ರಘು ತನ್ನ ಎರಡನೇ ಹಾಡು ಹಾಕಿದ. ಇಗರ್ಜಿಯ ಗೋಷ್ಠಿಗಾನದಂತಿತ್ತು. ತಕ್ಷಣ ನನಗೆ ಗೊತ್ತಾಯಿತು: ‘ಕೌಬಾಯ್ ಬೀಬಾಪ್’ ಅನಿಮೆಯ 5ನೇ ಕಂತು, ನಾಯಕ ಸ್ಪೈಕ್ ಇಗರ್ಜಿಯ ಬಣ್ಣದ ಗಾಜಿನ ಕಿಟಕಿಯಿಂದ ನಿಧಾನವಾಗಿ ಬೀಳುವಾಗ ಬರುವ ‘ಗ್ರೀನ್ ಬರ್ಡ್’. ಬಾಯಿ ತೆರೆದಿದ್ದರೆ ರಘು ಮತ್ತೆ ಮಳೆಗೆ ಹೋಗಬೇಕಿತ್ತು. ಅಷ್ಟರಲ್ಲಿ ಅವನು ‘ಪ್ರಸನ್ನ, ಸಾಹಿತ್ಯ ಸ್ವಲ್ಪ ಬಿಡಿಸಿ ಹೇಳಪ್ಪಾ’ ಎಂದುಬಿಟ್ಟ. ಅಂಥ ಅವಕಾಶವನ್ನು ಎರಡು ಪ್ಲೇಟು ಬಜ್ಜಿಗಾಗಿ ಹಾಳು ಮಾಡಲು ಮನಸ್ಸು ಬರಲಿಲ್ಲ.

ಪ್ರಸನ್ನ ಕತ್ತು ಓರೆ ಮಾಡಿ ಆಲಿಸಿದ. ‘ನದಿ... ನದಿಯ ದಡ. ಒಬ್ಬಳು ಕಾಯುತ್ತಿದ್ದಾಳೆ. ಬಹುಶಃ ವಸಂತಕಾಲ. ಇಲ್ಲಿ ನೋಡಿ, ಕ್ರಿಯಾಪದ ಗೌರವಸೂಚಕ. ಅಂದರೆ ಕಾಯುತ್ತಿರುವುದು ತನಗಿಂತ ದೊಡ್ಡವನಿಗೆ.’

‘ಆಹಾ’ ಎಂದ ರಘು. ‘ಅಷ್ಟೊಂದು ಇದೆಯೇ?’

‘ಭಾಷೆ ಹಳೆಯದು. ಎಲ್ಲರಿಗೂ ಸಿಗುವುದಿಲ್ಲ.’

‘ಯಾರಿಗೂ ಸಿಗುವುದಿಲ್ಲ. ಅದು ಭಾಷೆಯೇ ಅಲ್ಲ.’

ಸಂಗೀತ ನಿರ್ದೇಶಕಿ ಯೋಕೊ ಕಾನ್ನೊ ಬಾಯಿಗೆ ಬಂದ ಸದ್ದುಗಳನ್ನು ಪೋಣಿಸಿ ಭಾಷೆ ಹೆಣೆಯುವವರು. ಹಾಡಿದವರ ಹೆಸರು ಗೇಬ್ರಿಯೆಲಾ ರಾಬಿನ್ ಎಂದು ಇರುತ್ತಿತ್ತು. ಈಕೆ ಯಾವ ದೇಶದವಳು, ಏಕೆ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ ಎಂದು ಅಭಿಮಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 2009ರಲ್ಲಿ ಒಂದು ಕಾರ್ಯಕ್ರಮದಲ್ಲಿ ಬಯಲಾಯಿತು: ಗೇಬ್ರಿಯೆಲಾ ಎಂದರೆ ಕಾನ್ನೊ ಅವರೇ. ಇಲ್ಲದ ಭಾಷೆಯಲ್ಲಿ ಇಲ್ಲದ ಗಾಯಕಿ.

ನಾವು ನಕ್ಕು ನಕ್ಕು ಸುಸ್ತಾದೆವು. ಪ್ರಸನ್ನ ಬಜ್ಜಿಯ ತೊಟ್ಟನ್ನು ಬಹಳ ಹೊತ್ತು ನೋಡಿದ. ‘ಭಾವ ಮಾತ್ರ ಸರಿಯಾಗಿ ಹಿಡಿದೆ’ ಎಂದ.

ಅವನ ಸರದಿಯಲ್ಲಿ ಮಾನ ಉಳಿಸಿಕೊಳ್ಳಲು ಒಳ್ಳೆಯ ಹಾಡನ್ನೇ ಹಾಕಿದ. ರಾಕುಗೊ ಕಥೆಗಾರರ ಬದುಕಿನ ಅನಿಮೆಯದು, 2016ರದು. ರಾಕುಗೊ ಎಂದರೆ ನಮ್ಮ ಹರಿಕಥೆಯ ದಾಸರನ್ನು ದಿಂಬಿನ ಮೇಲೆ ಕೂರಿಸಿ, ಏಳಬೇಡಿ ಎಂದು ಹೇಳಿ, ಕೈಗೆ ಒಂದು ಬೀಸಣಿಗೆ, ಒಂದು ವಸ್ತ್ರ ಕೊಟ್ಟಂತೆ. ಹಾಡು ಬರೆದವರು ಶೀನಾ ರಿಂಗೊ, ಹಾಡಿದವರು ಹಯಾಶಿಬಾರಾ ಮೆಗುಮಿ. ಹೊಗೆ ತುಂಬಿದ ಹಳೆಯ ಕ್ಲಬ್ಬಿನ ಹಾಡಿನಂತೆ ತೂಗುತ್ತದೆ. ಶೀರ್ಷಿಕೆಯ ಮೊದಲ ಪದಕ್ಕೆ ತೆಳುವಾದ ಮಂಜುಗಡ್ಡೆ ಎಂದು ಅರ್ಥ ಎಂದ. ಅದು ಸರಿಯಾದ ಅರ್ಥವೇ. ಆದರೆ ಅಂದು ಅವನನ್ನು ನಂಬುವವರು ಯಾರಿದ್ದರು?

ಕೊನೆಗೆ ನಾನು ಒಂದು ಹಾಕಿದೆ. ವಾದ್ಯಕ್ಕಿಂತ ದನಿಯೇ ಮುಂದೆ. ಅರವತ್ತು ದಾಟಿದ ಹೆಂಗಸಿನ ದನಿ. ನೇರವಾಗಿ ಹೋಗುತ್ತಿದ್ದದ್ದು ಥಟ್ಟನೆ ಮೇಲಿನ ಕಳ್ಳದನಿಗೆ ಜಿಗಿದು, ಅಲ್ಲಿ ನಡುಗಿ, ಮತ್ತೆ ಕೆಳಗಿಳಿಯುತ್ತದೆ. 2004ರ ‘ಸಾಮುರಾಯ್ ಚಾಂಪ್ಲೂ’ವಿನ 14ನೇ ಕಂತಿನಲ್ಲಿ ನಾಯಕರಲ್ಲೊಬ್ಬನಾದ ಮುಗೆನ್ ಸಮುದ್ರದ ಆಳಕ್ಕೆ ಮುಳುಗುವಾಗ ಬರುವ ಹಾಡು. ಕತ್ತಿ, ಬೈಗುಳ, ಹಿಪ್‌ಹಾಪ್ ಎಲ್ಲ ತುಂಬಿದ ಆ ಧಾರಾವಾಹಿ ಅಲ್ಲಿ ಬಾಯಿ ಮುಚ್ಚಿಕೊಂಡು ಈಕೆಗೆ ದಾರಿ ಬಿಡುತ್ತದೆ. ಹೆಸರು ಅಸಾಝಾಕಿ ಇಕುಎ. ಕ್ಯೂಶೂ ಮತ್ತು ಒಕಿನಾವಾ ನಡುವಿನ ಅಮಾಮಿ ದ್ವೀಪಗಳಲ್ಲಿ 1935ರಲ್ಲಿ ಹುಟ್ಟಿದವರು.

ಯಾರೂ ಬಜ್ಜಿ ಅಗಿಯಲಿಲ್ಲ.

‘ಪ್ರಸನ್ನ, ಏನು ಹೇಳುತ್ತಿದ್ದಾರೆ?’ ಎಂದು ಸುಮಾ ಮೆಲ್ಲಗೆ ಕೇಳಿದಳು.

‘ನನ್ನನ್ನು ಕೇಳಬೇಡಿ. ಇದೂ ಭಾಷೆಯಲ್ಲ, ನನಗೆ ಗೊತ್ತು. ಇನ್ನೊಂದು ಸಲ ಬೀಳುವುದಿಲ್ಲ.’

‘ಇದು ನಿಜವಾದ ಭಾಷೆ ಕಣೋ’ ಎಂದೆ. ‘ಅಮಾಮಿಯವರ ಮಾತು. ಟೋಕಿಯೊದವರಿಗೂ ತಿಳಿಯುವುದಿಲ್ಲ. ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಯುನೆಸ್ಕೊ ಇದನ್ನು ಸೇರಿಸಿದೆ, ಅದೂ 2009ರಲ್ಲೇ.’

‘ಗೇಬ್ರಿಯೆಲಾ ಸಿಕ್ಕಿಬಿದ್ದದ್ದೂ 2009. ಎಲ್ಲವೂ ಒಂದೇ ವರ್ಷ ಹೇಗಾಗುತ್ತದೆ? ಸುಳ್ಳು ಹೇಳುವಾಗ ಇಸವಿಯನ್ನಾದರೂ ಬದಲಿಸಿ.’

ಪ್ರಮಾಣ ಮಾಡಿದರೂ ನಂಬಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮತ್ತೆ ಆ ಹುಡುಗಿ. ಈ ಸಲ ಹಾಡುತ್ತಿರಲಿಲ್ಲ, ಕಿವಿಗೊಟ್ಟು ನಿಂತಿದ್ದಳು. ಮೊಬೈಲ್ ಮುಂದೆ ಹಿಡಿದು ‘ಅಂಕಲ್, ಹೆಸರೇನು ಇದರದು?’ ಎಂದಳು.

‘ಒಬೊಕುರಿ ಎಎಉಮಿ.’

‘ಕುರಿಯ ಹಾಡೇ?’

ನಾವು ಮೂವರೂ ಪ್ರಸನ್ನನ ಮುಖ ನೋಡಿದೆವು. ಅವನು ಎದ್ದು, ಯಾರೂ ಹೇಳದಿದ್ದರೂ ಕೊಡೆ ತೆಗೆದುಕೊಂಡು ಹೊರಟ.